ಯಂತ್ರದ ಹಣೆಯ ಮೇಲಿನ ಅಕ್ಷರ

ಚೂಡಾಮಣಿಯ ಮನೆ ಮಂಡ್ಯದಲ್ಲಿ, ಕೆಲಸ ಮದ್ದೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ. ವಿಜ್ಞಾನದ ಟೀಚರು. ಗಂಡ ವೆಂಕಟೇಶಮೂರ್ತಿ ಮಳವಳ್ಳಿಯ ತಾಲ್ಲೂಕು ಕಚೇರಿಯಲ್ಲಿದ್ದರು. ಶನಿವಾರ ಸಂಜೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೊರಟುಬಿಡುತ್ತಿದ್ದರು. ಉಳಿದ ದಿನ ಮನೆಯಲ್ಲಿ ಅತ್ತೆ ಪಂಕಜಮ್ಮ, ಇಬ್ಬರು ಹೆಣ್ಣುಮಕ್ಕಳು, ಮುಗಿಯದ ಕೆಲಸ. ಮಡಿಯಲ್ಲಿ ಅಡಿಗೆ ಮುಗಿಸಿ, ಮಕ್ಕಳ ಜಡೆ ಹೆಣೆದು, ಒದ್ದೆ ಕೂದಲಲ್ಲೇ ಅವಳು ಸ್ಟೇಷನ್ನಿಗೆ ಓಡುತ್ತಿದ್ದಳು. ಸಂಜೆ ಅದೇ ದಾರಿಯಲ್ಲಿ ವಾಪಸ್ಸು, ಮತ್ತೆ ಒಲೆ.

ರೈಲಿನಲ್ಲಿ ಕೂತ ಹೊತ್ತಷ್ಟೇ ಅವಳದು. ಆ ಹೊತ್ತಿನಲ್ಲಿ ಅವಳು ಬೆಂಗಳೂರಿನ ಒಂದು ಮಾಸಪತ್ರಿಕೆಗೆ ವಿಜ್ಞಾನದ ಕಥೆ ಬರೆಯುತ್ತಿದ್ದಳು. ಎದುರು ಸೀಟಿನಲ್ಲಿ ಯಲಿಯೂರಿನ ಚಲುವಮ್ಮ, ಮದ್ದೂರಿಗೆ ಮಾರಲು ಒಯ್ಯುವ ಸೊಪ್ಪಿನ ಕುಕ್ಕೆಯನ್ನು ಕಾಲಿನ ಮಧ್ಯೆ ಇಟ್ಟುಕೊಂಡು ತೂಕಡಿಸುತ್ತಿದ್ದಳು.

ಎಪ್ಪತ್ನಾಲ್ಕರಲ್ಲಿ ಶಾಲೆಗೆ ಇಂಗ್ಲಿಷ್ ಟೀಚರಾಗಿ ರೆಬೆಕ್ಕಾ ಬಂದಳು. ಬೊಂಬಾಯಿಯ ಯಹೂದಿ ಮನೆತನದವಳು. ಗಂಡನಿಗೆ ಸೋಮನಹಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ. ಊಟದ ಹೊತ್ತಿನಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ಡಬ್ಬಿ ಬಿಚ್ಚುತ್ತಿದ್ದರು. ಒಂದು ದಿನ ಚೂಡಾಮಣಿ ತನ್ನ ತೊಡಕು ಹೇಳಿಕೊಂಡಳು.

"ಮನುಷ್ಯನ ಹಾಗೆ ಇರೋ ಯಂತ್ರದ ಕಥೆ ಬರೀತಿದೀನಿ. ಅದು ಎದ್ದು ನಡೆಯುತ್ತೆ, ಮಾತಾಡುತ್ತೆ. ಕೊನೆಗೆ ಅದನ್ನ ನಿಲ್ಲಿಸೋದು ಹೇಗೆ ಅಂತಲೇ ತಿಳೀತಿಲ್ಲ. ಸ್ವಿಚ್ ಒತ್ತಿದರೆ ಫ್ಯಾನು ಆರಿಸಿದ ಹಾಗಾಗುತ್ತೆ."

ರೆಬೆಕ್ಕಾ ತಾನು ಚಿಕ್ಕಂದಿನಲ್ಲಿ ಶಾಲೆಯಲ್ಲಿ ಕೇಳಿದ ಕಥೆ ಹೇಳಿದಳು. ಯುದ್ಧಕಾಲದಲ್ಲಿ ಯೂರೋಪಿನಿಂದ ತಪ್ಪಿಸಿಕೊಂಡು ಬಂದಿದ್ದ ಮುದುಕ ಮೇಷ್ಟ್ರೊಬ್ಬರು ಹೇಳಿದ್ದು. ದೇವರು ಲೋಕವನ್ನು ಕಟ್ಟಿದ್ದು ಅಕ್ಷರಗಳಿಂದ ಎಂದು ಯಹೂದಿ ಅನುಭಾವಿಗಳ ನಂಬಿಕೆ. ಅದನ್ನು ಬಲ್ಲ ಗುರುವೊಬ್ಬ ಜೇಡಿಮಣ್ಣಿನ ಮನುಷ್ಯನನ್ನು ಮಾಡಿ, ಹಣೆಯ ಮೇಲೆ 'ಎಮೆತ್' ಎಂದು ಬರೆದ. ಸತ್ಯ ಎಂದು ಅರ್ಥ. ಮಣ್ಣು ಎದ್ದು ನಿಂತಿತು. ಮೊದಲ ಅಕ್ಷರ ಅಳಿಸಿದರೆ ಉಳಿಯುವುದು 'ಮೆತ್', ಎಂದರೆ ಸತ್ತದ್ದು. ಹಾಗೆ ಅಳಿಸಿದಾಗ ಅದು ಮತ್ತೆ ಮಣ್ಣಾಯಿತು.

ಚೂಡಾಮಣಿಗೆ ಊಟ ಮರೆತುಹೋಯಿತು. ಅಂದಿನಿಂದ ಅವಳು ಅಂಥದೊಂದು ಕನ್ನಡದ ಪದ ಹುಡುಕಿದಳು. 'ಸತ್ಯ'ದಲ್ಲಿ ಮೊದಲಕ್ಷರ ತೆಗೆದರೆ ಅರ್ಥವಿರುವ ಪದ ಉಳಿಯುವುದಿಲ್ಲ. ಒಂದು ಶನಿವಾರ ಪಂಕಜಮ್ಮ ದೇವರ ಮನೆಯಿಂದ, "ಪಂಚಾಮೃತಕ್ಕೆ ಬಾಳೆಹಣ್ಣು ಎಲ್ಲಮ್ಮ?" ಎಂದು ಕೂಗಿದಾಗ, ತೊಳೆಯುತ್ತಿದ್ದ ಅಕ್ಕಿಯಲ್ಲೇ ಅವಳ ಕೈ ನಿಂತಿತು. ಅಮೃತ. 'ಅ' ತೆಗೆದರೆ ಮೃತ.

ಸೋಮವಾರ ಅದನ್ನು ಹೇಳಿದಾಗ ರೆಬೆಕ್ಕಾ ಹಿಗ್ಗಲಿಲ್ಲ.

"ನಮ್ಮಲ್ಲಿ ಅದು ಸತ್ಯ. ನಿಮ್ಮಲ್ಲಿ ಸಾವಿಲ್ಲದ್ದು. ಎರಡೂ ಒಂದೇ ಏನ್ರೀ?"

"ಒಂದೇ ಅಲ್ಲ."

"ಆ ಮೇಷ್ಟ್ರು ಈ ಕಥೆ ಹೇಳೋವಾಗ ಅಳ್ತಿದ್ದರು. ಅವರ ಊರಲ್ಲಿ ಯಾರೂ ಉಳಿದಿರಲಿಲ್ಲ."

"ಬೇಡ ಅಂದರೆ ಬರೆಯೋಲ್ಲ, ಬಿಡಿ."

ರೆಬೆಕ್ಕಾ ಡಬ್ಬಿ ಮುಚ್ಚಿದಳು. "ಬರೀರಿ. ಆದರೆ ಆ ಮಣ್ಣಿನ ಮನುಷ್ಯನ್ನ ಮಾಡಿದ್ದು ಜನರನ್ನ ಕಾಯೋದಕ್ಕೆ. ನಿಮ್ಮ ಯಂತ್ರನೂ ಯಾರನ್ನಾದರೂ ಕಾಯಲಿ."

ಹಾಗಾಗಿ ಚೂಡಾಮಣಿಯ ಯಂತ್ರ ನಾಲೆಯ ತೂಬಿನ ಬಳಿ ನಿಂತಿತು. ಪ್ರವಾಹ ಬಂದರೆ ಬಾಗಿಲು ಇಳಿಸಿ ಕೆಳಗಿನ ಹಳ್ಳಿಯನ್ನು ಉಳಿಸುವುದು ಅದರ ಕೆಲಸ. ಅದಕ್ಕೆ ನಿದ್ದೆಯಿಲ್ಲ. ವರ್ಷಗಟ್ಟಲೆ ನಿಂತು, ಕೊನೆಗೆ ತನ್ನನ್ನು ನೋಡಿಕೊಳ್ಳುವ ಮುದುಕಿಗೆ, "ನನಗೆ ಸಾಕಾಗಿದೆ, ಒರೆಸಮ್ಮ," ಎನ್ನುತ್ತದೆ. ಅವಳು ಸೆರಗು ಒದ್ದೆ ಮಾಡಿ ಅದರ ಹಣೆಯ ಮೊದಲ ಅಕ್ಷರ ಒರೆಸುತ್ತಾಳೆ. ಕೊನೆಯ ಸಾಲು: 'ಹಣೆಯ ಮೇಲೆ ಉಳಿದದ್ದು ಮೃತ.' ಆ ಸಾಲು ಬರೆದ ಬೆಳಿಗ್ಗೆ ಚೂಡಾಮಣಿಗೆ ಭಾರವಾದ ಬಿಂದಿಗೆಯನ್ನು ನೆಲಕ್ಕಿಳಿಸಿದಂತಾಗಿತ್ತು.

ಪತ್ರಿಕೆ ಬಂದ ದಿನ ಅದನ್ನು ರೈಲಿನಲ್ಲೇ ಬಿಚ್ಚಿದಳು. ಪ್ರೆಸ್ಸಿನಲ್ಲಿ ಯಾರೋ, 'ಅ' ಬಿಟ್ಟುಹೋಗಿದೆ ಎಂದುಕೊಂಡು ಸರಿಪಡಿಸಿದ್ದರು. 'ಹಣೆಯ ಮೇಲೆ ಉಳಿದದ್ದು ಅಮೃತ.'

ಚಲುವಮ್ಮ ಅವಳ ಮುಖ ನೋಡಿ ಗಾಬರಿಯಾದಳು. "ಯಾಕವ್ವ, ಮಕ ಇಂಗಾಯ್ತು? ಯಾರಾರ ತೀರ್ಕಂಡ್ರಾ?"

"ಇಲ್ಲ ಚಲುವಮ್ಮ. ಸಾಯಬೇಕಾದ್ದು ಸಾಯಲಿಲ್ಲ."

"ಅಂಗಾರೆ ಒಳ್ಳೇದೇ ಆಯ್ತಲ್ಲ, ಬುಡಿ," ಎಂದು ಅವಳು ಮತ್ತೆ ಕಣ್ಣು ಮುಚ್ಚಿದಳು.

ಸಂಪಾದಕರಿಗೆ ಬರೆದರೆ, ಆ ಮುಕ್ತಾಯವೇ ಓದುಗರಿಗೆ ಮೆಚ್ಚಿಗೆಯಾಗಿದೆ, ಎಷ್ಟು ಒರೆಸಿದರೂ ಅಳಿಯದ ಅಕ್ಷರ ಎಂದು ಹೊಗಳುತ್ತಿದ್ದಾರೆ, ತಿದ್ದುಪಡಿ ಬೇಡ ಎಂಬ ಉತ್ತರ ಬಂತು. ಶಾಲೆಯ ಹೆಡ್‌ಮಿಸ್ಟ್ರೆಸ್ಸೂ ಪ್ರಾರ್ಥನೆಯ ಹೊತ್ತಿನಲ್ಲಿ ಹೊಗಳಿದರು. ಚೂಡಾಮಣಿ ತಲೆ ತಗ್ಗಿಸಿ ನಿಂತಿದ್ದಳು.

ರೆಬೆಕ್ಕಾ ಮಾತ್ರ ವಿಷಯ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಹೇಳಿದಳು: "ಗ್ರಂಥ ನಕಲು ಮಾಡೋವಾಗ ಒಂದು ಅಕ್ಷರ ಹೆಚ್ಚುಕಮ್ಮಿ ಆದರೆ ಲೋಕವೇ ಹಾಳಾಗುತ್ತೆ ಅಂತ ನಮ್ಮ ಹಿರಿಯರು ಹೆದರ್ತಿದ್ದರಂತೆ."

"ಲೋಕಕ್ಕೇನೂ ಆಗಲಿಲ್ಲ. ಅದೊಂದು ಪಾಪದ ಯಂತ್ರ ಇನ್ನೂ ನಿಂತಿದೆ, ಅಷ್ಟೆ," ಎಂದಳು ಚೂಡಾಮಣಿ.

ಮರುವರ್ಷ ರೆಬೆಕ್ಕಾಳ ಗಂಡನ ಕಾರ್ಖಾನೆ ಮುಚ್ಚಿತು. ಅವರು ಬೊಂಬಾಯಿಗೆ ಹೋದರು, ಅಲ್ಲಿಂದ ಇಸ್ರೇಲಿಗೆ ಎಂದು ಸುದ್ದಿ. ಬೆಂಚಿನ ಮೇಲೆ ಚೂಡಾಮಣಿ ಒಬ್ಬಳೇ ಊಟ ಮಾಡತೊಡಗಿದಳು.

ಪಂಕಜಮ್ಮ ಆ ಕಥೆ ಓದಿದ್ದು ಬಹಳ ತಡವಾಗಿ. ಹಳೆಯ ಪತ್ರಿಕೆಗಳನ್ನು ಕಟ್ಟುವಾಗ ಅದು ಸಿಕ್ಕಿ, ಕನ್ನಡಕ ಏರಿಸಿಕೊಂಡು ನಡುಮನೆಯಲ್ಲೇ ಕೂತು ಓದಿ ಮುಗಿಸಿದರು. ಸೊಸೆ ಹಿಟ್ಟು ರುಬ್ಬುತ್ತಿದ್ದಳು.

"ಅದು ಬಾಯಿಬಿಟ್ಟು ಸಾಕು ಅಂದಿತಲ್ಲ, ಚೂಡಾ. ಯಾಕೆ ಬಿಡಲಿಲ್ಲ ಅದನ್ನ?"

"ನಾನು ಬಿಟ್ಟಿದ್ದೆ ಅಮ್ಮ. ಅಚ್ಚು ಹಾಕಿದವರು ಬಿಡಲಿಲ್ಲ."

ಪಂಕಜಮ್ಮ ರುಬ್ಬುವ ಕೈಯನ್ನೇ ನೋಡುತ್ತ ಕೂತರು. "ನಾಳೆಯಿಂದ ಬೆಳಗಿನ ಅಡಿಗೆ ನಾನು ಮಾಡ್ತೀನಿ. ನೀನು ಇನ್ನಷ್ಟು ಹೊತ್ತು ಮಲಕ್ಕೋ."

ಮಂಡಿನೋವು ಹೆಚ್ಚಾಗುವ ತನಕ, ಕೆಲವು ತಿಂಗಳು, ಅವರು ಹಾಗೇ ಮಾಡಿದರು. ಆಮೇಲೆ ಒಲೆ ಮತ್ತೆ ಚೂಡಾಮಣಿಯ ಪಾಲಿಗೆ ಬಂತು. ಅದರ ಬಗ್ಗೆ ಅವಳು ಯಾರ ಹತ್ತಿರವೂ ದೂರಲಿಲ್ಲ. ಆ ಕೆಲವು ತಿಂಗಳು ತಾನು ಒಂದು ಸಾಲೂ ಬರೆಯಲಿಲ್ಲ, ನಿದ್ದೆ ಮಾಡಿದೆ ಎಂದು ಮಾತ್ರ ಮಗಳಿಗೆ ಒಮ್ಮೆ ಹೇಳಿದ್ದಳು.