ತಗಡಣ್ಣನ ಮೇಲಿನ ಮಹಡಿ

ನಮ್ಮಕ್ಕನ ಕೆಲಸ ಆಫೀಸಿಗೆ ಬಾಡಿಗೆ ಜಾಗ ಹುಡುಕೋರಿಗೆ ಜಾಗ ತೋರಿಸೋದು, ಅದೂ ಹಳೇ ಪೇಟೆಯಲ್ಲಿ ಮಾತ್ರ. ಮೊದಲು ಅಲ್ಲಿ ಹತ್ತಿ ಗೋದಾಮು ಗುಡಿಸ್ತಿದ್ದಳು. ಯಾವ ಬಾಗಿಲಿನ ಕೀ ಯಾರ ಹತ್ತಿರ ಅಂತ ಗೊತ್ತಿದ್ದರಿಂದ ಈ ಕೆಲಸ ತಾನಾಗಿ ಅಂಟಿಕೊಂತು. ಆಗ ಸಂಜೆಯಾದರೆ ಆ ಬೀದಿಯಲ್ಲಿ ಒಂದು ನರಪಿಳ್ಳೆಯೂ ಕಾಣ್ತಿರಲಿಲ್ಲ. ಈಗ ಗಾರೆ ಉದುರಿದ ಗೋಡೆಗೇ ಬೆಲೆ. ಗಟ್ಟಿ ಇರೋ ಗಾರೆಯನ್ನೂ ಕೆರೆದು ಇಟ್ಟಿಗೆ ತೋರಿಸ್ತಾರೆ. ನಮ್ಮಮ್ಮ ಇದ್ದಿದ್ದರೆ ಮಂಗಗಳು ಅಂತಿದ್ದಳು.

ಅಕ್ಕನ ಕೈಯಲ್ಲಿ ಉಳಿದಿದ್ದು ಒಂದೇ ಕಟ್ಟಡ. ಉಳಿದವನ್ನೆಲ್ಲ ದೊಡ್ಡ ಏಜೆನ್ಸಿಯವರು ನುಂಗಿ ನೀರು ಕುಡಿದಿದ್ದರು. ಮರದ ಹಲಗೆ ನೆಲ, ಎತ್ತರದ ಕಿಟಕಿ, ಮಹಡಿಗೇನೂ ಕೊರತೆಯಿಲ್ಲ. ಆದರೆ ಕೆಳಗೆ ತಗಡಣ್ಣ. ಹಿಂದಿನ ಓಣಿಗೆ ಬಾಗಿಲಿಟ್ಟುಕೊಂಡು ಬಕೆಟ್ಟು, ಆಲಿಕೆ, ಟ್ರಂಕು ಬಡಿಯೋನು. ಅವನು ಸುತ್ತಿಗೆ ಎತ್ತಿದರೆ ಮೇಲೆ ನಿಂತೋರ ಹಲ್ಲು ಅಲ್ಲಾಡ್ತಿತ್ತು. ಅದಕ್ಕೇ ಇಬ್ಬರಿಗೂ ಒಂದು ಒಪ್ಪಂದ. ಗಿರಾಕಿ ಬಂದ ಕೂಡಲೇ ಅಕ್ಕ ಹಿಮ್ಮಡಿಯಿಂದ ಹಲಗೆ ಕುಟ್ಟೋದು, ಅವನು ಸುತ್ತಿಗೆ ಇಳಿಸಿ ಕೈಕಟ್ಟಿ ಕೂರೋದು. ಅವರು ಹೋದ ಮೇಲೆ ಅಕ್ಕ ಕೆಳಗಿಳಿದು "ಆಯ್ತಣ್ಣ" ಅಂದರೆ ಮತ್ತೆ ಶುರು. ಇದು ಮೋಸ ಅಲ್ವೇನೇ ಅಂತ ಕೇಳಿದ್ದಕ್ಕೆ, ಕೆಲಸ ಕೇಳೋಕೆ ಹೋದೋರು ಗೊರಕೆ ಹೊಡೆದು ತೋರಿಸ್ತಾರಾ ಅಂತ ನನ್ನ ಬಾಯಿ ಮುಚ್ಚಿಸಿದ್ದಳು.

ಆವತ್ತು ಬೆಳಿಗ್ಗೆ ಕಟ್ಟಡದ ಮಾಲೀಕ ಹೇಳಿ ಕಳಿಸಿದ್ದ: ಇವತ್ತಿನ ಗಿರಾಕಿಯೂ ಕೈತಪ್ಪಿದರೆ ಸಂಜೆಗೆ ಕೀ ಏಜೆನ್ಸಿಗೆ. ಕೀ ಹೋದರೆ ಅಕ್ಕನ ಕೆಲಸವೇ ಹೋದಂಗೆ. ಧೂಳು ಹೊಡೆಯೋಕೆ ನನ್ನನ್ನೂ ಎಳ್ಕೊಂಡು ಹೋಗಿದ್ದಳು. ಒರೆಸಿದ ಗಾಜನ್ನೇ ಮತ್ತೆ ಮತ್ತೆ ಒರೆಸ್ತಿದ್ದಳು. ಸಾಕು ಬಿಡೇ, ಗಾಜು ಸವೆದೀತು ಅಂತ ರೇಗಿದೆ. ಹಾಗಂದ ನಾನೂ ಗುಡಿಸಿದ ನೆಲವನ್ನೇ ಮತ್ತೆ ಗುಡಿಸ್ತಿದ್ದೆ.

ಬಂದವರು ಜಾಹೀರಾತು ಕಂಪನಿಯ ಮೇಡಂ. ಅಕ್ಕ ಕುಟ್ಟಿದಳು, ಕೆಳಗೆ ಸದ್ದಡಗಿತು. ಮೇಡಂ ಇಟ್ಟಿಗೆ ಸವರಿದರು, ತೊಲೆ ನೋಡಿ ಕಣ್ಣರಳಿಸಿದರು, ಆಹಾ ಎಂಥ ನಿಶ್ಶಬ್ದ ಅಂದರು. ಅಕ್ಕನ ಮುಖಕ್ಕೆ ಕಳೆ ಬಂತು. ಅಷ್ಟರಲ್ಲಿ ಆಯಮ್ಮ ಕೆಳಗಿನ ಜಾಗವೂ ತನಗೇ ಬೇಕು ಅಂದುಬಿಟ್ಟರು. ಅಲ್ಲಿ ಒಬ್ಬರು ಕೆಲಸ ಮಾಡ್ತಾರೆ ಅಂದಳು ಅಕ್ಕ.

"ಕೆಲಸವಾ? ಒಂದು ಸದ್ದೂ ಇಲ್ಲ. ಖಾಲಿ ಮಾಡಿಸಿದರಾಯ್ತು ಬಿಡಿ," ಅಂತ ಮೇಡಂ ಮಾಲೀಕನ ನಂಬರು ಹುಡುಕತೊಡಗಿದರು.

ಮಾಲೀಕ ಎಂಥವನು ಅಂತ ನಮಗೆ ಗೊತ್ತಿಲ್ವಾ? ಹೂಂ ಅನ್ನೋಕೆ ಅವನಿಗೆ ಉಸಿರೆಳೆಯೋಷ್ಟು ಹೊತ್ತೂ ಬೇಡ. ಅಕ್ಕ ನನ್ನ ಮುಖ ನೋಡಿದಳು. ಸುಮ್ಮನಿರೇ ಅಂತ ನಾನು ಕಣ್ಣಲ್ಲೇ ಬೇಡಿಕೊಂಡೆ. ಅವಳು ಹಿಮ್ಮಡಿಯಿಂದ ಹಲಗೆ ಕುಟ್ಟಿದಳು. ಸುತ್ತಿಗೆ ಏಳಲಿಲ್ಲ. ಮತ್ತೆ ಜೋರಾಗಿ ಕುಟ್ಟಿದಳು. ಕೆಳಗೆ ಸಣ್ಣಗೆ ಕಿರುಗುಡ್ತಿದ್ದ ಫ್ಯಾನೂ ನಿಂತುಹೋಯ್ತು. ಪುಣ್ಯಾತ್ಮ, ತನ್ನ ಫ್ಯಾನಿನ ಸದ್ದೇ ಮೇಲಕ್ಕೆ ಕೇಳಿಸ್ತಿದೆ ಅಂದ್ಕೊಂಡಿರಬೇಕು. ನಿಲ್ಲಿಸೋಕೆ ಸನ್ನೆ ಮಾಡ್ಕೊಂಡಿದ್ದರು, ಶುರು ಮಾಡೋಕೆ ಮಾಡ್ಕೊಂಡಿರಲಿಲ್ಲ. ಮೇಡಂ ಫೋನು ಕಿವಿಗಿಟ್ಟರು. ಅಕ್ಕ ಮೊಣಕಾಲೂರಿ ಹಲಗೆ ಸಂದಿಗೆ ಬಾಯಿಟ್ಟಳು.

"ಅಣ್ಣಾ, ಹೊಡಿ. ಸುತ್ತಿಗೆ ತಗೊಂಡು ಹೊಡಿ."

ಹೊಡೆದ ನೋಡಿ. ಕಿಟಕಿ ಗಾಜೆಲ್ಲ ಝಲ್ಲೆಂದಿತು. ದಿನವಿಡೀ ಹೀಗೇನಾ ಅಂತ ಮೇಡಂ ಕೂಗಿ ಕೇಳಿದರು. ಹೌದು ಮೇಡಂ, ದಿನವಿಡೀ ಅಂದಳು ಅಕ್ಕ. ಇವನು ಖಾಲಿ ಮಾಡೋವರೆಗೆ ಈ ಗದ್ದಲದಲ್ಲಿ ಯಾರು ಕೂರ್ತಾರೆ ಅಂತ ಆಯಮ್ಮ ಫೋನು ಕಟ್ ಮಾಡಿ, ಮೆಟ್ಟಿಲಿಳಿದು ತಿರುಗಿ ನೋಡದೆ ಹೋದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ನಾನು ಅಲ್ಲೇ ಜಗಳ ತೆಗೆದೆ. ಏಜೆನ್ಸಿಯವರು ನಾಳೆ ತಗಡಣ್ಣನನ್ನು ಬಿಡ್ತಾರೇನೇ ಅಂದೆ.

"ಬಿಡಲಿಕ್ಕಿಲ್ಲ," ಅಂದಳು. "ಆದರೆ ನಾನು ಕಾಲು ಕುಟ್ಟಿ ಸುಮ್ಮನಿರಿಸಿದ್ದಕ್ಕೆ ಆಗೋದು ಬೇಡ."

ಕೆಳಗಿಳಿದರೆ ತಗಡಣ್ಣ ಬೆವೆತು ನಿಂತಿದ್ದ. ಹೋಗ್ತಿದ್ದ ಮೇಡಂ ಕಿಟಕಿಯಿಂದ ಅವನ ಕಣ್ಣಿಗೂ ಬಿದ್ದಿದ್ದರು.

"ಗಿರಾಕಿ ಹೋದರು ಅಂದ್ಕೊಂಡು ಹೊಡೆದೆ ತಾಯಿ. ನನ್ನಿಂದ ನಿನ್ನ ಕೆಲಸ ಕೆಟ್ಟಿತು. ಇನ್ನು ಮೇಲೆ ನೀನು ಇಲ್ಲಿಗೇ ಬಂದು ಹೇಳೋವರೆಗೂ ಸುತ್ತಿಗೆ ಮುಟ್ಟಲ್ಲ."

ಸಂಜೆ ಮಾಲೀಕನಿಗೆ ಒಪ್ಪಿಸಬೇಕಾದ ಕೀ ಅಕ್ಕನ ಮುಷ್ಟಿಯಲ್ಲೇ ಇತ್ತು. ಅವಳು ಅದನ್ನು ಸೆರಗಿನಡಿ ಮಾಡಿಕೊಂಡಳು.

"ಆಯ್ತಣ್ಣ," ಅಂದಳು.

ಅವನು ಫ್ಯಾನು ಹಾಕಿ ಸುತ್ತಿಗೆ ಎತ್ತಿಕೊಂಡ.