ಹಾಸ್ಟೆಲಿಗೆ ಹೋದ ಸಕ್ಕರೆ ಆರತಿ

ಕೊಟ್ಟ ವಸ್ತು ಆಮೇಲೆ ಏನಾಯಿತು ಎಂದು ಬೆನ್ನು ಹತ್ತುವ ಚಾಳಿ ನನಗೆ ಮೊದಲಿನಿಂದಲೂ ಇದೆ. ಕೊಟ್ಟು ಮರೆಯಬೇಕು ಅನ್ನುತ್ತಾರೆ, ನನ್ನ ಕೈಲಿ ಆಗುವುದಿಲ್ಲ. ನಮ್ಮ ಓಣಿಯ ಮಹಿಳಾ ಮಂಡಳಿ ಬಡವರಿಗೆಂದು ಹಳೆಯ ಬಟ್ಟೆ ಕೂಡಿಸಿದ ವರ್ಷ ನಾನು ಕೊಟ್ಟ ನೇರಳೆ ಬಣ್ಣದ ಸೀರೆ, ಬಸ್ ಸ್ಟ್ಯಾಂಡ್ ಪಕ್ಕದ ಮಿರ್ಚಿ ಅಂಗಡಿಗೆ ಪರದೆಯಾಗಿ ನೇತಾಡುತ್ತಿತ್ತು. ನನಗೇನೂ ಬೇಜಾರಾಗಲಿಲ್ಲ. ಅದು ಅಲ್ಲಿಗೆ ಹೇಗೆ ಬಂತು ಎಂದು ಅಂಗಡಿಯವಳನ್ನು ವಿಚಾರಿಸುತ್ತ ಎರಡು ಪ್ಲೇಟು ಮಿರ್ಚಿ ತಿಂದು ಬಂದೆ. ನನಗೆ ಮೂಗುದಾರ ಹಾಕಬೇಕು ಎಂದು ನನ್ನ ಗಂಡ ಅವತ್ತೂ ಅಂದರು, ಈಗಲೂ ಅನ್ನುತ್ತಾರೆ.

ಮಳೆ ನಿಂತು, ಬಿಸಿಲು ಹದಕ್ಕೆ ಬಂದು, ಕೂಡ್ಲಿಗಿ ರಸ್ತೆಯ ಅರ್ಧ ಅಗಲಕ್ಕೆ ಮೆಕ್ಕೆಜೋಳ ಹರವಿದರೆಂದರೆ ಕೊಟ್ಟೂರಿನಲ್ಲಿ ನಮ್ಮ ಮಂಡಳಿಗೆ ಜೀವ ಬರುತ್ತದೆ. ದಸರೆಗೆ ರಂಗೋಲಿ ಸ್ಪರ್ಧೆ, ಶೀಗಿ ಹುಣ್ಣಿಮೆ ಕಳೆದ ಮೇಲೆ ಮುದುಕರಿಗೆ ಕಣ್ಣಿನ ತಪಾಸಣೆ, ನಡುನಡುವೆ ಸಂಜೆ ಹೊತ್ತು ಕೋಲಾಟದ ತಾಲೀಮು. ಕೋಲಾಟದಲ್ಲಿ ನಾವು ಕೋಲಿಗಿಂತ ಬೆರಳಿಗೆ ಹೊಡೆದುಕೊಳ್ಳುವುದೇ ಹೆಚ್ಚು. ನಮ್ಮ ಅಧ್ಯಕ್ಷೆ ನಿವೃತ್ತ ಟೀಚರು. ಯಾವ ಕಾರ್ಯಕ್ರಮವಿರಲಿ, ಮೊದಲು ಭಾಷಣ ತಯಾರಾಗಿ ಆಮೇಲೆ ಕಾರ್ಯಕ್ರಮ ತಯಾರಾಗುತ್ತದೆ.

ಕೆಲವು ವರ್ಷಗಳ ಹಿಂದೆ ದೀಪಾವಳಿ ಮುಗಿದಾಗ ಅವರಿಗೆ ಒಂದು ಯೋಚನೆ ಹೊಳೆಯಿತು. ನಮ್ಮ ಓಣಿಯ ತುದಿಯಲ್ಲಿ ಕಾಲೇಜು ಓದುವ ಹೆಣ್ಣುಮಕ್ಕಳ ಹಾಸ್ಟೆಲ್ ಇದೆ. ಸುತ್ತಲಿನ ಹಳ್ಳಿಗಳಿಂದ, ಕುರಿ ಸಾಕುವವರ, ಕೂಲಿ ಮಾಡುವವರ ಮನೆಗಳಿಂದ ಬಂದವರು. ಗೌರಿ ಹುಣ್ಣಿಮೆಗೆ ಊರಿನ ಹುಡುಗಿಯರೆಲ್ಲ ತಟ್ಟೆಯಲ್ಲಿ ಸಕ್ಕರೆ ಗೊಂಬೆ ಇಟ್ಟುಕೊಂಡು, ಹೊಸ ಸೀರೆ ಉಟ್ಟು ಗೌರಿಗೆ ಆರತಿ ಬೆಳಗಲು ಹೋಗುವಾಗ ಇವರು ಕಿಟಕಿಯಲ್ಲಿ ನಿಂತು ನೋಡುತ್ತಾರೆ, ಈ ಸಲ ಇವರಿಗೂ ಒಂದು ಸಕ್ಕರೆ ಆರತಿ ಮಾಡಿ ಕೊಡೋಣ ಎಂದರು. ಎಲ್ಲರೂ ಒಪ್ಪಿದೆವು. ನನಗಂತೂ ಖುಷಿಯೋ ಖುಷಿ, ಯಾಕೆಂದರೆ ಸಕ್ಕರೆ ಗೊಂಬೆಯ ಕಟ್ಟಿಗೆ ಅಚ್ಚುಗಳಿರುವುದು ನಮ್ಮ ಮನೆಯಲ್ಲಿ, ನಮ್ಮ ಅತ್ತೆಯ ಟ್ರಂಕಿನೊಳಗೆ.

ಅತ್ತೆ ಆ ಟ್ರಂಕನ್ನು ಸುಮ್ಮಸುಮ್ಮನೆ ತೆಗೆಯುವವರಲ್ಲ. ಆನೆ, ಕುದುರೆ, ಗಿಳಿ, ಗೋಪುರ, ಬಸವಣ್ಣ, ಒಂದೊಂದು ಅಚ್ಚನ್ನೂ ಹಳೆ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದರು. ನೀರಿನಲ್ಲಿ ನೆನೆಹಾಕುತ್ತ ಒಂದೇ ಮಾತು ಕೇಳಿದರು.

"ಯಾರ ಮನಿ ಸೊಸಿಗೆ?"

ನಾವು ನಕ್ಕೆವು. ಯಾರ ಸೊಸೆಗೂ ಅಲ್ಲ, ಹಾಸ್ಟೆಲ್ ಹುಡುಗಿಯರಿಗೆ ಅಂದೆವು. ಅತ್ತೆ ನಗಲಿಲ್ಲ. ನಮ್ಮ ಕಡೆ ನಿಶ್ಚಯವಾದ ಹುಡುಗಿಗೆ ಗೌರಿ ಹುಣ್ಣಿಮೆಗೆ ಗಂಡಿನ ಮನೆಯವರು ಸಕ್ಕರೆ ಆರತಿ ಕಳಿಸುತ್ತಾರೆ. ಐದು ಮಂದಿ ಮುತ್ತೈದೆಯರು ಹೋಗಿ, ಹುಡುಗಿಯನ್ನು ಮಣೆಯ ಮೇಲೆ ಕೂಡಿಸಿ, ಹೂ ಮುಡಿಸಿ, ಉಡಿ ತುಂಬಿ, ತಟ್ಟೆ ಕೈಗಿಟ್ಟು ಬರುತ್ತಾರೆ. ಇದು ನಮಗೂ ಗೊತ್ತಿತ್ತು, ನಮ್ಮೆಲ್ಲರಿಗೂ ಹಾಗೆಯೇ ಬಂದಿತ್ತು. ಆದರೆ ದಾನ ಮಾಡುವ ಉಮೇದಿನಲ್ಲಿ ಗೊತ್ತಿದ್ದದ್ದೂ ಮರೆತುಹೋಗುತ್ತದೆ.

ಸಕ್ಕರೆ ಪಾಕಕ್ಕೆ ಹಾಲು ಬಿಟ್ಟು ಕೊಳೆ ತೆಗೆದು, ಸೋಸಿ, ಬೆಳ್ಳಗಾಗುವ ತನಕ ಪಾತ್ರೆಯ ಗೋಡೆಗೆ ತಿಕ್ಕಿ ತಿಕ್ಕಿ ನನ್ನ ರಟ್ಟೆ ಬಿದ್ದುಹೋಯಿತು. ಅಚ್ಚಿನ ಎರಡು ಹೋಳು ಸೇರಿಸಿ ದಾರ ಬಿಗಿದು, ಪಾಕ ಹೊಯ್ದು, ತಣ್ಣಗಾದ ಮೇಲೆ ದಾರ ಬಿಚ್ಚಿದರೆ ಮೊದಲ ಆನೆಗೆ ಸೊಂಡಿಲಿಲ್ಲ. ಎರಡನೆಯದು ಸರಿಯಾಯಿತು. ಕುದುರೆ ಮಾತ್ರ ಮೊದಲ ಸಲಕ್ಕೇ ಎದ್ದು ಬಂತು, ಬಾಲದ ಒಂದೊಂದು ಗೆರೆಯೂ ಮೂಡಿತ್ತು. ನಾನು ಅದನ್ನು ಬೆಳಕಿಗೆ ಹಿಡಿದು ಎಲ್ಲರಿಗೂ ತೋರಿಸಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂದರು ಅತ್ತೆ.

ಹುಣ್ಣಿಮೆ ಹತ್ತಿರ ಬಂದಾಗ ತಟ್ಟೆ ಜೋಡಿಸಿಕೊಂಡು ಐದು ಮಂದಿ ಹೊರಟೆವು. ಕಾರ್ಯಕ್ರಮ ಕಳೆಗಟ್ಟಬೇಕಲ್ಲ, ಶಾಸ್ತ್ರೋಕ್ತವಾಗಿಯೇ ಮಾಡೋಣ ಎಂದು ಮಣೆ, ಹೂವಿನ ದಂಡೆ, ಕುಪ್ಪಸದ ಕಣ, ಕೊಬ್ಬರಿ ಎಲ್ಲ ಒಯ್ದಿದ್ದೆವು. ಅಷ್ಟು ಹುಡುಗಿಯರನ್ನು ಒಂದೇ ಮಣೆಯ ಮೇಲೆ ಕೂಡಿಸಲಾಗುತ್ತದೆಯೇ? ಎಲ್ಲರ ಪರವಾಗಿ ಒಬ್ಬಳು ಕೂರಲಿ ಎಂದು ಅಧ್ಯಕ್ಷೆ ತೀರ್ಮಾನಿಸಿದರು. ಡಿಗ್ರಿ ಕೊನೆಯ ವರ್ಷದ ಹುಡುಗಿಯೊಬ್ಬಳನ್ನು ಗೆಳತಿಯರೇ ಮುಂದೆ ತಳ್ಳಿದರು. ಕಾನಹೊಸಹಳ್ಳಿಯಿಂದ ಒಳಗೆ ಒಂದು ಹಳ್ಳಿಯವಳು, ಕುರಿಗಾರರ ಮಗಳು, ಮುಂದೆ ಬಿ.ಎಡ್. ಮಾಡಿ ಟೀಚರಾಗಬೇಕು ಎಂದುಕೊಂಡವಳು. ಉಡಿ ತುಂಬಿದೆವು, ಹೂ ಮುಡಿಸಿದೆವು, ತಟ್ಟೆ ಕೈಗಿಟ್ಟೆವು. ಯಾರೋ ಫೋಟೊ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದರು. ಅವಳು ತಲೆ ತಗ್ಗಿಸಿ ಕೂತಿದ್ದಳು, ಸುತ್ತ ನಾವು ಐದು ಮಂದಿ ಬೀಗಿತ್ತಿಯರ ಹಾಗೆ ಹಲ್ಲು ಕಿರಿದುಕೊಂಡು ನಿಂತಿದ್ದೆವು.

ಅದೇ ಸಂಜೆಯಿಂದ ಹುಡುಗಿಯರೆಲ್ಲ ಹಬ್ಬಕ್ಕೆ ಊರಿಗೆ ಹೊರಟರು. ಖಾಲಿ ಹಾಸ್ಟೆಲಿನಲ್ಲಿಟ್ಟರೆ ಇರುವೆ ಪಾಲು, ನೀನೇ ಒಯ್ದು ನಿಮ್ಮೂರ ಗೌರಿಗೆ ಬೆಳಗು ಎಂದು ಗೆಳತಿಯರು ತಟ್ಟೆಯನ್ನು ಅವಳಿಗೇ ಕಟ್ಟಿ ಕಳಿಸಿದರು. ಅವಳ ಬಸ್ಸಿಗಿಂತ ಮುಂಚೆ ಫೋಟೊ ಊರು ಮುಟ್ಟಿತ್ತು.

ಹುಣ್ಣಿಮೆ ಕಳೆದ ಮೇಲೆ ಅಧ್ಯಕ್ಷೆಯ ಫೋನಿಗೆ ಆ ಹುಡುಗಿ ಕರೆ ಮಾಡಿದಳು. ಅಪ್ಪ ಆರತಿಯ ಸಮೇತ ಬರುತ್ತಿದ್ದಾರೆ, ಕಳಿಸಿದವರ ಮನೆಯ ಹಿರಿಯರನ್ನು ನೋಡಬೇಕಂತೆ ಎಂದಳಂತೆ. ಊರವರೆಲ್ಲ ಮದುವೆ ಗೊತ್ತಾಯಿತು ಅನ್ನುತ್ತಿದ್ದಾರೆ, ಹಾಸ್ಟೆಲಿಗೆ ಕೊಟ್ಟದ್ದು ಎಂದು ನಾನು ಎಷ್ಟು ಹೇಳಿದರೂ, ಕುದುರೆ ಆನೆ ಸಮೇತ ಪುಕ್ಕಟೆ ಯಾರು ಕೊಡುತ್ತಾರೆ ಎಂದು ನಗುತ್ತಾರೆ ಅಂದಳಂತೆ.

ಅಧ್ಯಕ್ಷೆಯ ಮುಖ ಬಿಳಿಚಿಕೊಂಡಿತು. ಇನ್ನು ಮುಗಿಯಿತು, ಅಪ್ಪ ಅವಳ ಓದು ಬಿಡಿಸಿ ಯಾರಿಗಾದರೂ ಕೊಟ್ಟುಬಿಡುತ್ತಾನೆ, ಪಾಪ ನಮಗೆ ಸುತ್ತಿಕೊಳ್ಳುತ್ತದೆ ಎಂದರು. ನನಗೂ ಹಾಗೇ ಅನ್ನಿಸಿತು. ಅಷ್ಟಾದರೂ, ಸುಳ್ಳೇಕೆ ಹೇಳಲಿ, ನಮ್ಮ ಕುದುರೆ ಯಾವ ಸ್ಥಿತಿಯಲ್ಲಿ ವಾಪಸು ಬರುತ್ತದೋ ನೋಡಬೇಕೆಂಬ ಆಸೆಯೂ ಇತ್ತು. ಅಚ್ಚು ನಮ್ಮ ಮನೆಯದಾದ್ದರಿಂದ ಅವರನ್ನು ನಮ್ಮ ಪಡಸಾಲೆಗೇ ಕರೆಸಿದೆವು. ಅಧ್ಯಕ್ಷೆ ಹೆಣ್ಣುಮಕ್ಕಳ ಶಿಕ್ಷಣದ ಮೇಲೆ ಒಂದು ಭಾಷಣ ಸಿದ್ಧಮಾಡಿಕೊಂಡು ಬಂದು ಕೂತರು.

ಅಪ್ಪ ಎತ್ತರದ ಆಳು. ತಟ್ಟೆಯನ್ನು ಕರಿ ಕಂಬಳಿಯಲ್ಲಿ ಸುತ್ತಿ, ಎಳೆಗೂಸನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದರು. ಹಿಂದೆ ಮಗಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲಿಂದ ಇಳಿಸಿಲ್ಲ ಎಂದು ಅವಳು ಹೇಳಿದಳು. ನಾನು ಚಹಾ ತಂದಿಟ್ಟೆ, ಅವರು ಮುಟ್ಟಲಿಲ್ಲ. ನೀರೂ ಮುಟ್ಟಲಿಲ್ಲ. ಹೆಣ್ಣಿನ ಮಾತು ಇತ್ಯರ್ಥವಾಗುವ ತನಕ ಆ ಮನೆಯ ನೀರು ಕುಡಿಯದ ಮಂದಿ ಇನ್ನೂ ಇದ್ದಾರೆ ಎಂದು ಆಗ ಗೊತ್ತಾಯಿತು.

ಅಧ್ಯಕ್ಷೆ ಗಂಟಲು ಸರಿಮಾಡಿಕೊಂಡು, ನೋಡಿ, ಹೆಣ್ಣುಮಕ್ಕಳು ಓದುವುದೆಂದರೆ, ಎಂದು ಶುರುಮಾಡಿದರು. ಹುಡುಗಿಯ ಅಪ್ಪ ಕೈ ಮುಗಿದು ನಡುವೆಯೇ ತಡೆದರು.

"ನಾನೂ ಅದನ್ನ ಹೇಳಾಕ ಬಂದೀನ್ರಿ ಅಕ್ಕಾರ. ನೀವು ದೊಡ್ಡ ಮಂದಿ, ನಮ್ಮ ಕೂಸನ್ನ ಕೇಳೀರಿ, ನಿಮ್ಮ ದೊಡ್ಡತನ. ಆದ್ರ ಆಕಿ ಇನ್ನಾ ಓದಾಕತ್ಯಾಳ. ಈಗ ಮದಿವಿ ಮಾತು ಬ್ಯಾಡ್ರಿ. ನಿಮ್ಮ ಆರತಿ ನೀವ ಇಟ್ಕಳ್ರಿ. ಒಂದು ಹರಳು ಸೈತ ಮುರದಿಲ್ಲ, ಯಾರನ್ನೂ ಮುಟ್ಟಗೊಟ್ಟಿಲ್ಲ."

ಕಂಬಳಿ ಬಿಚ್ಚಿ ತಟ್ಟೆಯನ್ನು ನಮ್ಮ ಮುಂದೆ ಸರಿಸಿದರು. ಸಕ್ಕರೆ ತಿಂದರೆ ಮಾತು ಕೊಟ್ಟ ಹಾಗೆ. ಅದಕ್ಕೇ ಹಬ್ಬದ ಮನೆಯಲ್ಲಿ ಅಷ್ಟು ಮಂದಿ ಮಕ್ಕಳ ಕಣ್ಣೆದುರು ಅದನ್ನು ನಾಗೊಂದಿಗೆಯ ಮೇಲೆ ಏರಿಸಿಟ್ಟು ಕಾದಿದ್ದರು. ಅಧ್ಯಕ್ಷೆಯ ಭಾಷಣ ಬಾಯಲ್ಲೇ ಉಳಿಯಿತು. ನನಗೆ ಅಳು ಬಂತು, ಅದರ ಹಿಂದೆಯೇ ನಗು ಬಂತು. ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇಲ್ಲಿ ಗಂಡಿನ ಮನೆಯೇ ಇಲ್ಲ, ವರನೂ ಇಲ್ಲ, ಹಾಸ್ಟೆಲ್ ಮಕ್ಕಳು ಹಬ್ಬ ಮಾಡಲಿ ಎಂದು ನಾವು ಕೊಟ್ಟದ್ದು, ಕೊಡುವ ರೀತಿ ತಪ್ಪಿತು ಎಂದೆ.

ಅಪ್ಪ ತಟ್ಟೆ ನೋಡಿದರು. ನನ್ನ ಮುಖ ನೋಡಿದರು, ಮಗಳ ಮುಖ ನೋಡಿದರು. ಕೊನೆಗೆ ನಮ್ಮನ್ನೆಲ್ಲ ಬಿಟ್ಟು, ಮೂಲೆಯಲ್ಲಿ ಅಡಿಕೆ ಕತ್ತರಿಸುತ್ತ ಕೂತಿದ್ದ ಅತ್ತೆಯ ಕಡೆ ತಿರುಗಿದರು.

"ಹಂಗಾದ್ರ ಯವ್ವಾ, ಇದನ್ನ ತಿಂದ್ರ ನನ್ ಮಗಳು ಯಾರ ಮನಿಗೂ ಹೋದಂಗ ಅಲ್ಲಲ?"

"ಅಲ್ಲಪ್ಪಾ," ಅಂದರು ಅತ್ತೆ. "ತಿಂದ್ರ ಬಾಯಿ ಸಿಹಿ ಆಕ್ಕತಿ, ಅಷ್ಟ."

ಆಗ ಅವರು ನೀರಿನ ಚಂಬು ಎತ್ತಿ ಗಟಗಟ ಕುಡಿದರು. ಆರಿಹೋಗಿದ್ದ ಚಹಾವನ್ನೂ ಕುಡಿದರು. ಆನೆಯ ಸೊಂಡಿಲು ಮುರಿದು ಮಗಳ ಬಾಯಿಗೆ ತಾವೇ ಇಟ್ಟರು. ಉಳಿದದ್ದನ್ನು ಹಾಸ್ಟೆಲಿನ ಹುಡುಗಿಯರಿಗೆ ಹಂಚಬೇಕು ಎಂದು ಕಂಬಳಿಯನ್ನು ಮತ್ತೆ ಸುತ್ತತೊಡಗಿದರು.

ಅಷ್ಟರಲ್ಲಿ ನಾನು ನನ್ನ ಕುದುರೆಯನ್ನು ಕೈಗೆತ್ತಿಕೊಂಡು ನೋಡಿದ್ದೆ. ಮೈಯೆಲ್ಲ ನೆಟ್ಟಗಿತ್ತು, ಬಾಲದ ಗೆರೆ ಮಾತ್ರ ಮಾಯವಾಗಿ, ಸವೆದ ಸಾಬೂನಿನ ಹಾಗೆ ನುಣ್ಣಗಾಗಿತ್ತು. ತಲೆ ಎತ್ತಿದರೆ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಬೇಡ ಎಂಬಂತೆ ಕಣ್ಣಲ್ಲೇ ಸನ್ನೆ ಮಾಡಿದಳು. ನಾನು ಬಾಯಿ ಬಿಡಲಿಲ್ಲ, ಆದರೆ ಸುಮ್ಮನಿರುವುದು ನನ್ನ ಜಾಯಮಾನವೇ? ಲೋಟ ಒಯ್ಯುವ ನೆಪದಲ್ಲಿ ಅವಳನ್ನು ಅಡಿಗೆಮನೆಗೆ ಕರೆದೆ.

"ಹುಣ್ಣಿಮಿ ದಿನ ತಡಿಯಾಕ ಆಗ್ಲಿಲ್ರಿ, ಒಂದ್ಸಲ ನೆಕ್ಕಿದ್ದೆ," ಅಂದಳು ಪಿಸುಮಾತಿನಲ್ಲಿ, ಬಾಯಲ್ಲಿ ಇನ್ನೂ ಸೊಂಡಿಲು ಇತ್ತು. "ಅಪ್ಪಗ ಗೊತ್ತಾಗಿದ್ರ ಮಾತು ಕೊಟ್ಟಂಗಾತು ಅಂತಿದ್ರು, ಕೊಟ್ಟ ಮಾತು ತಿರಗಸಾ ಮನಷ್ಯಾ ಅಲ್ರಿ ಅವ್ರು. ಆವಾಗಿಂದ ನನಗ ನಿದ್ದಿ ಇಲ್ಲ."