ಗಂಗವ್ವನ ಬರಿಗೈ

ಕೊರೊನಾದ ಎರಡನೆಯ ಅಲೆ ಇಳಿದ ಮರುವರ್ಷ ನಾನು ರಾಯಾಪುರದ ಹತ್ತಿರ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ಸರ್ಜನ್ ಆಗಿದ್ದೆ. ಸರ್ಕಾರಿ ಸೇವೆಯಿಂದ ನಿವೃತ್ತನಾಗಿ ಆಗಲೇ ಮೂರು ವರ್ಷವಾಗಿತ್ತು. ಇಪ್ಪತ್ತು ಹಾಸಿಗೆ, ಒಂದು ಆಪರೇಷನ್ ಥಿಯೇಟರ್, ಒಂದು ಡ್ರೆಸ್ಸಿಂಗ್ ಕೋಣೆ, ಮುಂದೆ ಉದ್ದನೆಯ ಪಡಸಾಲೆ, ಇಷ್ಟೇ ಆಸ್ಪತ್ರೆ. ಔಷಧ, ಊಟ, ಆಪರೇಷನ್ ಎಲ್ಲವೂ ಪುಕ್ಕಟೆ. ಬರುವವರಲ್ಲಿ ಹೆಚ್ಚಿನವರು ಕೊಪ್ಪಳ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ತಗಡಿನ ಶೆಡ್ಡುಗಳಲ್ಲಿ ಇರುವ ಜನ. ಅವರಲ್ಲಿ ಅನೇಕರ ರೇಷನ್ ಕಾರ್ಡು ಊರಲ್ಲೇ ಉಳಿದಿರುತ್ತಿತ್ತು. ನಮ್ಮಲ್ಲಿ ಯಾರೂ ಕಾರ್ಡು ಕೇಳುತ್ತಿರಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಧಾರವಾಡದ ಮಾಳಮಡ್ಡಿಯಲ್ಲಿ. ಮೆತ್ತಗೆ ಮಾತಾಡುವವರ ಓಣಿ ಅದು. ಗಂಟಲು ಹರಿದುಕೊಳ್ಳುವವನು ಬಹುಶಃ ನಾನೊಬ್ಬನೇ. ಸಿಟ್ಟು ನನಗೆ ಮೂಗಿನ ತುದಿಯಲ್ಲಿ. ಸರ್ಜನ್ನನಿಗೆ ಅದು ಒಪ್ಪುತ್ತದೆ ಎಂದು ನಂಬಿ ಮೂವತ್ತೈದು ವರ್ಷ ಕಳೆದಿದ್ದೆ. ನನ್ನ ಸಿಟ್ಟಿಗೆ ಸೊಪ್ಪು ಹಾಕದೇ ಇದ್ದವರು ಸಿಸ್ಟರ್ ಸುನಂದಾ ಒಬ್ಬರೇ. ಐವತ್ತರ ಹತ್ತಿರದ ಹೆಣ್ಣುಮಗಳು, ಆಸ್ಪತ್ರೆ ಶುರುವಾದಾಗಿನಿಂದ ಇದ್ದವರು. ಆಪರೇಷನ್ನಿಗಾಗಿ ಬಳೆ ತೆಗೆಯಬೇಕಾದ ಹೆಂಗಸರಿಗೆ ಅವರು ಬ್ಯಾಂಡೇಜಿನ ಒಂದು ಎಳೆ ಹರಿದು, ಅರಿಷಿಣ ಹಚ್ಚಿ ಮಣಿಕಟ್ಟಿಗೆ ಕಟ್ಟುತ್ತಿದ್ದರು. ಟ್ರಾಲಿಯ ಕೆಳಗಿನ ಅರೆಯಲ್ಲಿ ಅರಿಷಿಣದ ಡಬ್ಬಿ ಸದಾ ಇರುತ್ತಿತ್ತು. ನಾನು ಅದಕ್ಕೆ ‘ಸುನಂದಾಬಾಯಿಯವರ ಪೂಜಾ ವಿಭಾಗ’ ಎಂದು ಹೆಸರಿಟ್ಟು ಚೇಷ್ಟೆ ಮಾಡುತ್ತಿದ್ದೆ.

ಆ ದಿನ ಬೆಳಿಗ್ಗೆ ಹತ್ತೂವರೆ ಆಗಿರಬೇಕು. ಒಂದು ಗೂಡ್ಸ್ ಟೆಂಪೋ ಹಾರ್ನ್ ಹೊಡೆಯುತ್ತ ಆವರಣದೊಳಗೆ ನುಗ್ಗಿತು. ಹಿಂದೆ ಸಿಮೆಂಟ್ ಚೀಲಗಳ ಮೇಲೆ ಶರಣಪ್ಪ ಎಂಬ ಮೂವತ್ತರ ಗಾರೆ ಕೆಲಸದವನು ಮಲಗಿದ್ದ. ಶೆಡ್ಡುಗಳ ನಡುವೆ ನೀರಿನ ಟ್ಯಾಂಕರಿನ ಪಾಳಿಗಾಗಿ ಎರಡು ಗುಂಪಿಗೆ ಜಗಳ ಹತ್ತಿತ್ತು. ಕೊಡ ಎಸೆದಾಟ ಕಲ್ಲಿಗೆ ಹೋಗಿ, ಕಲ್ಲು ಕಬ್ಬಿಣಕ್ಕೆ ಹೋಗಿ, ಯಾರೋ ಒಬ್ಬ ಮುರಿದ ಸರಳಿನಿಂದ ಶರಣಪ್ಪನ ಎಡ ಎದೆಗೆ ತಿವಿದಿದ್ದ. ಎರಡನೆಯ ಸಲ ತಿವಿಯುವಾಗ ಹೆಂಡತಿ ಗಂಗವ್ವ ಅಡ್ಡ ಬಿದ್ದಿದ್ದಳು. ಸರಳು ಆಕೆಯ ಎಡಗೈ ಬಳೆಗಳ ಮೇಲೆ ಬಿದ್ದು ಗಾಜು ಮಣಿಕಟ್ಟಿನೊಳಗೆ ಇಳಿದಿತ್ತು. ಟೆಂಪೋ ಹಿಂದೆ ಅವರ ಕಡೆಯ ಮೂವತ್ತು ಜನ ಓಡಿ ಬಂದಿದ್ದರು. ಕೆಲವರ ಕೈಯಲ್ಲಿ ಜಗಳದ ಬಡಿಗೆಗಳು ಹಾಗೇ ಇದ್ದವು. ಅವರನ್ನು ಪಡಸಾಲೆಯಲ್ಲೇ ತಡೆದವನು ನಮ್ಮ ವಾಚ್‌ಮನ್ ಮೌಲಾಸಾಬ ಕಾಕಾ.

ಶರಣಪ್ಪನ ತುಟಿ ನೀಲಿಗಟ್ಟಿತ್ತು. ಉಸಿರು ನಾಯಿ ತೇಕಿದ ಹಾಗೆ. ಎದೆಗೂಡಿಗೂ ಶ್ವಾಸಕೋಶಕ್ಕೂ ನಡುವೆ ರಕ್ತ ಮತ್ತು ಗಾಳಿ ತುಂಬಿ ಎಡ ಶ್ವಾಸಕೋಶ ಮುದುಡಿಕೊಂಡಿತ್ತು. ಇಂಥದ್ದಕ್ಕೆ ಕೂಡಲೇ ಮಾಡಬೇಕಾದದ್ದು ಒಂದೇ. ಪಕ್ಕೆಲುಬುಗಳ ನಡುವೆ ಸಣ್ಣದಾಗಿ ಕೊಯ್ದು ಬೆರಳು ದಪ್ಪದ ಕೊಳವೆಯೊಂದನ್ನು ಒಳಗೆ ಹಾಕುವುದು. ನಾವು ಅದಕ್ಕೆ ಚೆಸ್ಟ್ ಟ್ಯೂಬ್ ಎನ್ನುತ್ತೇವೆ. ಅದರ ಇನ್ನೊಂದು ತುದಿ ನೆಲದ ಮೇಲಿಟ್ಟ ಬಾಟಲಿಯ ನೀರಿನೊಳಗೆ ಮುಳುಗಿರಬೇಕು. ಒಳಗಿನ ಗಾಳಿ ಗುಳ್ಳೆಯಾಗಿ ಹೊರಗೆ ಬರುತ್ತದೆ. ಹೊರಗಿನ ಗಾಳಿ ಒಳಗೆ ಹೋಗದಂತೆ ನೀರು ತಡೆಯುತ್ತದೆ. ಬಾಟಲಿ ಉರುಳಿತೋ, ಗಾಳಿ ತಿರುಗಿ ಎದೆಯೊಳಗೆ ಹೋಗಿ ಮನುಷ್ಯ ನೋಡನೋಡುತ್ತಿದ್ದಂತೆ ಸಾಯಬಹುದು. ಕೊಳವೆ ಹಾಕಿದ ಕೂಡಲೇ ಎಂಟುನೂರು ಎಂ.ಎಲ್. ರಕ್ತ ಇಳಿಯಿತು. ಹತ್ತು ನಿಮಿಷದಲ್ಲಿ ತುಟಿಯ ಬಣ್ಣ ತಿರುಗಿತು. ವಿದ್ಯಾನಗರದ ದೊಡ್ಡ ಆಸ್ಪತ್ರೆಗೆ ಒಯ್ಯಲು ಆಂಬುಲೆನ್ಸ್ ಕರೆಸಿದೆ. ಅದು ಬರುವ ತನಕ ಬಾಟಲಿ ಕಾಯ್ದುಕೊಂಡರೆ ಇವನು ಬದುಕುತ್ತಾನೆ ಎಂದು ನನಗೆ ಖಾತ್ರಿಯಾಗಿತ್ತು.

ಥಿಯೇಟರಿನಿಂದ ಡ್ರೆಸ್ಸಿಂಗ್ ಕೋಣೆಗೆ ಬಂದೆ. ಗಂಗವ್ವ ಸ್ಟೂಲಿನ ಮೇಲೆ ಗೊಂಬೆಯ ಹಾಗೆ ಕೂತಿದ್ದಳು. ಮುಖ, ಕೊರಳು, ಸೆರಗು ಎಲ್ಲಾ ರಕ್ತ. ಎಡಗೈಯಲ್ಲಿ ಒಡೆದು ಉಳಿದ ಬಳೆಗಳು, ಬಲಗೈಯಲ್ಲಿ ಡಜನ್ ಹಸಿರು ಗಾಜಿನ ಬಳೆಗಳು. ಎಡಗೈ ಹೊಲಿಯಬೇಕು, ಬಲಗೈಗೆ ಸಲೈನ್ ಹಚ್ಚಬೇಕು, ಕೊರಳಲ್ಲಿ ಗಾಯವಿದೆಯೋ ನೋಡಬೇಕು. ತಾಳಿಗೆ ರಕ್ತ ಹೆಪ್ಪುಗಟ್ಟಿ ಅಂಟಿತ್ತು. ಎಲ್ಲಾ ತೆಗೆಯಿರಿ ಎಂದೆ. ಸುನಂದಾ ಎಡಗೈಯ ಬಳೆಗಳನ್ನು ಕತ್ತರಿಸಿ ತೆಗೆದು, ಬಲಗೈ ಹಿಡಿದು ನಿಂತರು.

“ಸರ್, ಎರಡೂ ಕೈ ಬರೇ ಮಾಡೂದ ಬ್ಯಾಡ್ರಿ. ಈ ಕಡೆ ಒಂದರ ಇರ್ಲಿ.”

“ಸಿಸ್ಟರ್, ಅಕೀನ್ನ ನಾವೇನ್ ಮದುವಿಗೆ ತಯಾರ ಮಾಡಾಕತ್ತಿಲ್ಲ. ಎಲ್ಲಾ ತಗೀರಿ, ಲಗೂ.”

ಅವರು ಬಳೆಗಳನ್ನೂ ತಾಳಿಯನ್ನೂ ತೆಗೆದರು. ಅರಿಷಿಣದ ಡಬ್ಬಿಗೆ ಬಗ್ಗಿದಾಗ, ಮೊದಲು ಹೋಗಿ ಶರಣಪ್ಪನ ಬಾಟಲಿ ನೋಡಿರೆಂದು ನಾನೇ ಅಟ್ಟಿದೆ. ಸ್ಪಿರಿಟ್ ಹತ್ತಿಯಿಂದ ಗಂಗವ್ವನ ಹಣೆ ಒರೆಸಿದವನೂ ನಾನೇ. ಗಾಯವೇನೂ ಇರಲಿಲ್ಲ, ಆ ರಕ್ತ ಗಂಡನದು. ರಕ್ತದ ಜೊತೆ ಕುಂಕುಮವೂ ಹೋಯಿತು. ಏಳು ಹೊಲಿಗೆ ಹಾಕಿ ಬ್ಯಾಂಡೇಜ್ ಕಟ್ಟಿದೆ. ಅಷ್ಟು ಹೊತ್ತೂ ಆಕೆ ತನ್ನ ಕೈಗಳನ್ನೇ ನೋಡುತ್ತಿದ್ದಳು. ಬಾಟಲಿಯಲ್ಲಿ ರಕ್ತ ಎಷ್ಟಾಗಿದೆ ನೋಡಲು ನಾನು ಥಿಯೇಟರಿಗೆ ಹೋದಾಗ, ಸಲೈನ್ ಹಚ್ಚುವ ಮೊದಲೇ ಆಕೆ ಎದ್ದು ಪಡಸಾಲೆಗೆ ನಡೆದಿದ್ದಳು.

ಅಲ್ಲಿ ಏನಾಯಿತೆಂದು ಮೌಲಾಸಾಬ ಕಾಕಾ ಆಮೇಲೆ ಹೇಳಿದ. ಬಾಗಿಲಲ್ಲಿ ಆಕೆ ಕಂಡೊಡನೆ ಮೂವತ್ತು ಜನ ಒಮ್ಮೆಲೇ ಸುಮ್ಮನಾದರಂತೆ. ಬರಿ ಹಣೆ, ಬರಿ ಕೊರಳು, ಬರಿ ಕೈ. ನಮ್ಮ ಕಡೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬಳೆಗಾರ ಬಂದಾಗಲೂ ನಮ್ಮ ಹೆಂಗಸರು ಹಳೆಯ ಬಳೆ ಒಂದನ್ನು ಉಳಿಸಿಕೊಂಡೇ ಹೊಸದನ್ನು ತೊಡುತ್ತಾರೆ; ಗಂಡ ಇರುವವಳ ಕೈ ಒಂದು ಗಳಿಗೆಯೂ ಬರಿದಾಗಬಾರದು. ಶರಣಪ್ಪನ ತಾಯಿ ಗಂಗವ್ವನ ಎರಡೂ ಕೈ ಹಿಡಿದು ನೋಡಿದಳು. ಆಮೇಲೆ ಆಕೆ ಹಾಕಿದ ದನಿ ನನಗೆ ಎರಡು ಗೋಡೆಯ ಆಚೆಗೂ ಕೇಳಿಸಿತು.

“ನನ್ನ ಮಗನ್ನ ಕೊಂದು ಒಳಗ ಮುಚ್ಚಿಟ್ಟಾರೋ.”

ಮೊದಲ ಕಲ್ಲು ಔಷಧಿ ಕೌಂಟರಿನ ಗಾಜಿಗೆ ಬಿತ್ತು. ಎರಡನೆಯದು ಮೌಲಾಸಾಬ ಕಾಕಾನ ಮುಖಕ್ಕೆ. ಅವನು ಬಾಗಿಲಿಗೆ ಬೆನ್ನು ಕೊಟ್ಟು, ಕಣ್ಣಿನ ಮೇಲೆ ಅಂಗೈ ಒತ್ತಿಕೊಂಡು, ಬೆರಳ ಸಂದಿನಿಂದ ರಕ್ತ ಸುರಿಯುತ್ತಿದ್ದರೂ ಹಾಗೇ ನಿಂತಿದ್ದ. ಅವನನ್ನು ತುಳಿದುಕೊಂಡೇ ಒಳಗೆ ಬಂದರು. ನಾನು ಪಡಸಾಲೆಗೆ ಓಡಿ, ಜೀವಂತ ಇದ್ದಾನೆ, ಬಂದು ನೋಡಿರೆಂದು ಒದರಿದೆ. ಜೀವಮಾನವಿಡೀ ಒದರಿದವನ ಮಾತು ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಒಬ್ಬ ನನ್ನ ಕೊರಳಪಟ್ಟಿ ಹಿಡಿದು ಗೋಡೆಗೆ ತಲೆ ಬಡಿಸಿದ. ಇನ್ನೊಬ್ಬ ಸಲೈನ್ ಸ್ಟ್ಯಾಂಡ್ ಕಿತ್ತುಕೊಂಡು ಬೀಸಿದ. ಅಡ್ಡ ಹಿಡಿದ ಬಲಗೈಯ ಎರಡು ಬೆರಳು ಮುರಿದ ಶಬ್ದ ನನಗೇ ಕೇಳಿಸಿತು. ಕುರ್ಚಿಗಳು, ತೂಕದ ಯಂತ್ರ, ಲಸಿಕೆಯ ಫ್ರಿಜ್ ಎಲ್ಲವನ್ನೂ ಒಡೆದರು. ಒಳಗಿನ ಹಾಸಿಗೆಗಳಲ್ಲಿದ್ದ ಬಾಣಂತಿಯರು ಕೂಸುಗಳನ್ನು ಅವಚಿಕೊಂಡು ಮಂಚದ ಕೆಳಗೆ ಹೊಕ್ಕಿದ್ದರು. ನನಗೆ ಹೆದರಿಕೆಯಾಗಿತ್ತು. ಹೆದರಿಕೆಗಿಂತ ಹೆಚ್ಚು ಸಿಟ್ಟು ಬಂದಿತ್ತು: ಉಳಿಸಿದವನನ್ನೇ ಕೊಲ್ಲಲು ಬಂದಿದ್ದಾರಲ್ಲ ಎಂದು.

ಎಡವುತ್ತ, ಬೀಳುತ್ತ ಥಿಯೇಟರಿಗೆ ಹಿಂತಿರುಗಿದೆ. ನನ್ನ ಹಿಂದೆಯೇ ಶರಣಪ್ಪನ ತಮ್ಮ ನಿಂಗಪ್ಪ ಬಡಿಗೆ ಹಿಡಿದು ನುಗ್ಗಿದ. ಅಣ್ಣನ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಇತ್ತು, ಕಣ್ಣು ಮುಚ್ಚಿತ್ತು, ಮೈಮೇಲೆ ಬಿಳಿ ಬಟ್ಟೆ ಹೊದಿಸಿತ್ತು. ನಿಂಗಪ್ಪ ಕಂಡದ್ದು ಹೆಣವನ್ನೇ. ಅವನು ಬೀಸಿದ ಮೊದಲ ಏಟು ನನ್ನ ಹೆಗಲಿಗೆ ಬಿತ್ತು. ಎರಡನೆಯದಕ್ಕೆ ಬಡಿಗೆ ಎತ್ತಿದಾಗ ಅವನ ಕಾಲು ಬಾಟಲಿಗೆ ತಾಗಿತು. ಬಾಟಲಿ ಉರುಳಿ ರಕ್ತದ ನೀರು ನೆಲದ ತುಂಬ ಹರಿಯಿತು, ಕೊಳವೆಯ ತುದಿ ಹೊರಬಿತ್ತು. ಶರಣಪ್ಪನ ಎದೆ ಸೆಟೆದುಕೊಂಡು ತುಟಿ ಮತ್ತೆ ನೀಲಿಯಾಗತೊಡಗಿತು. ನಾನು ಮಂಡಿಯೂರಿ ಕೊಳವೆಯನ್ನು ಎಡಗೈ ಮುಷ್ಟಿಯಲ್ಲಿ ಹಿಸುಕಿ ಹಿಡಿದೆ. ಸುನಂದಾ ಸಲೈನ್ ಬಾಟಲಿಯೊಂದರ ಬಾಯಿ ಕೊಯ್ದು ಕೊಳವೆಯ ತುದಿಯನ್ನು ಅದರಲ್ಲಿ ಮುಳುಗಿಸಿದರು. ಬಾಟಲಿಯನ್ನು ನನ್ನ ತೊಡೆಗಳ ನಡುವೆ ಇಟ್ಟು, ಮೇಲೆ ನಿಂತ ಬಡಿಗೆಯತ್ತ ಒಮ್ಮೆಯೂ ನೋಡದೆ, ಹೊರಗೆ ಓಡಿದರು. ಬಿಟ್ಟು ಓಡಿಹೋದರೆಂದೇ ತಿಳಿದೆ.

ಅವರು ಹೋದದ್ದು ಪಡಸಾಲೆಗೆ. ಗಂಗವ್ವ ಕಂಬಕ್ಕೆ ಒರಗಿ ಬಿದ್ದಿದ್ದಳು. ಅತ್ತೆ ತಲೆ ಬಡಿದುಕೊಳ್ಳುತ್ತಿದ್ದಳು. ಆಸ್ಪತ್ರೆಯಲ್ಲಿ ಬಳೆ ತೊಡಕೂಡದೆಂಬ ನನ್ನ ಕಟ್ಟಪ್ಪಣೆಯನ್ನು ಗಾಳಿಗೆ ತೂರಿ ಸುನಂದಾ ಎರಡೆರಡು ಗಾಜಿನ ಬಳೆಗಳನ್ನು ತೊಟ್ಟೇ ಇರುತ್ತಿದ್ದರು. ಅದರಲ್ಲಿ ಒಂದನ್ನು ಎಳೆದು ತೆಗೆದು, ಅತ್ತೆಯ ಕಣ್ಣೆದುರಿಗೇ ಗಂಗವ್ವನ ಬಲಗೈಗೆ ಏರಿಸಿದರು. ಗಟ್ಟಿಯಾಗಿ ಏನೂ ಕೂಗಲಿಲ್ಲವಂತೆ.

“ತಂಗಿ, ನಿನ್ನ ಗಂಡ ಜೀವಂತ ಅದಾನ. ಇಲ್ಲಂದ್ರ ನನ್ನ ಬಳಿ ನಿನ್ನ ಕೈಗೆ ತೊಡಸ್ತಿದ್ನೇನು?”

ಗಂಡನಿರುವ ಹೆಂಗಸು ತನ್ನ ಕೈಯ ಬಳೆ ತೆಗೆದು ವಿಧವೆಯ ಕೈಗೆ ತೊಡಿಸಿದ್ದನ್ನು ಅಲ್ಲಿ ಯಾರೂ ಕಂಡವರಿರಲಿಲ್ಲ. ಮುದುಕಿ ಸುನಂದಾ ಅವರ ಮುಖ ನೋಡಿದಳು, ಬಳೆ ನೋಡಿದಳು, ಎದ್ದಳು. ಥಿಯೇಟರಿನ ಬಾಗಿಲಿಗೆ ಬಂದು ನಿಂಗಪ್ಪನ ತಲೆಗೂದಲು ಹಿಡಿದು ಹಿಂದಕ್ಕೆ ಎಳೆದಳು. ಮಗನ ಬೆನ್ನ ಮೇಲೆ ಆಕೆ ಗುದ್ದಿದ ಗುದ್ದು ಆ ದಿನದ ಏಟುಗಳಲ್ಲೆಲ್ಲ ಜೋರಾದದ್ದು. ಆಕೆಯ ಹಿಂದೆ ಗಂಗವ್ವ ಬಂದು ಗಂಡನ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಅದು ಏರಿತು, ಇಳಿಯಿತು. ನಿಂಗಪ್ಪ ಬಡಿಗೆ ಹಿಡಿದುಕೊಂಡೇ ರಕ್ತದ ನೀರಿನಲ್ಲಿ ಕುಸಿದು ಕೂತ.

ಕಲ್ಲು ತೂರಾಟ ನಿಂತ ಮೇಲೆ ಆಂಬುಲೆನ್ಸ್ ಒಳಗೆ ಬಂತು. ಶರಣಪ್ಪನನ್ನೂ ಮೌಲಾಸಾಬ ಕಾಕಾನನ್ನೂ ಒಂದೇ ಗಾಡಿಯಲ್ಲಿ ಒಯ್ದರು. ಶರಣಪ್ಪನ ಶ್ವಾಸಕೋಶ ಅರಳಿತು, ಆರನೆಯ ದಿನ ಕೊಳವೆ ತೆಗೆದರು. ಕಾಕಾನ ಬಲಗಣ್ಣು ಹೋಯಿತು.

ಆ ಸಂಜೆಯೇ ಬೆರಳಿಗೆ ಪಟ್ಟಿ ಹಾಕಿಸಿಕೊಂಡು ನಾನು ಪೊಲೀಸರಿಗೆ ದೂರು ಬರೆಸಿದೆ. ನಿಂಗಪ್ಪನೂ ಸೇರಿ ಎಂಟು ಜನ ಒಳಗಾದರು. ದೂರಿನಲ್ಲಿ ಬಳೆಯ ಮಾತಿರಲಿಲ್ಲ. ಕುಡಿದ ಅಮಲಿನಲ್ಲಿ ವಿನಾಕಾರಣ ಹಲ್ಲೆ ಮಾಡಿದರೆಂದು ಬರೆಸಿದ್ದೆ. ಯಾರೂ ಕುಡಿದಿರಲಿಲ್ಲ. ಕಾಕಾನ ಕಣ್ಣು ನೆನೆದಾಗಲೆಲ್ಲ ನಾನು ಬರೆಸಿದ್ದು ಸರಿಯೇ ಅನ್ನಿಸುತ್ತಿತ್ತು.

ಒಂಬತ್ತನೆಯ ದಿನ ಗಂಗವ್ವ ಹೊಲಿಗೆ ತೆಗೆಸಲು ಬಂದಳು. ಕಿಟಕಿಗಳಿಗೆ ಇನ್ನೂ ಗಾಜು ಕೂತಿರಲಿಲ್ಲ. ನನ್ನ ಬಲಗೈ ಪಟ್ಟಿಯಲ್ಲಿತ್ತು, ಎಡಗೈಯಿಂದಲೇ ತೆಗೆಯಬೇಕಿತ್ತು. ಯಾಕೋ, ಕೈ ಮುಟ್ಟುವ ಮೊದಲು ಕೇಳಿದೆ.

“ಕೈ ಹಿಡೀಲೇನವ್ವಾ?”

ಆಕೆ ಕೈ ಮುಂದೆ ಚಾಚಿದಳು. ಸಿಟ್ಟೇನೂ ಇರಲಿಲ್ಲ ಆಕೆಯ ದನಿಯಲ್ಲಿ.

“ಅವತ್ತ ಕೇಳಬೇಕಿತ್ರಿ ಸಾಹೇಬ್ರ. ಬಳಿ ತಗಿಯೂವಾಗ ನಂಗೂ ಖರೇ ಅನಸ್ತು, ಅಂವ ಹ್ವಾದ ಅಂತ. ನೀವು ಇದ ಕಡೆಯವರ ಅದೀರಿ, ಗೊತ್ತಿದ್ದ ತಗೀಸಿರಬೇಕು ಅಂದ್ಕೊಂಡೆ.”

ಒಬ್ಬ ಹೆಂಗಸು, ನನ್ನೆದುರು ಏಳು ಹೊಲಿಗೆ ಹಾಕಿಸಿಕೊಳ್ಳುವಷ್ಟು ಹೊತ್ತು, ಪಕ್ಕದ ಕೋಣೆಯಲ್ಲಿ ಉಸಿರಾಡುತ್ತಿದ್ದ ಗಂಡನನ್ನು ಸತ್ತನೆಂದುಕೊಂಡು ಕೂತಿದ್ದಳು. ಬದುಕಿದ್ದಾನವ್ವಾ ಎಂಬ ಮಾತು ನನ್ನ ಬಾಯಿಂದ ಬಂದಿರಲಿಲ್ಲ. ಏಳೂ ಹೊಲಿಗೆಗಳನ್ನು ಒಂದೊಂದಾಗಿ ತೆಗೆದೆ.

ಅದೇ ಮಧ್ಯಾಹ್ನ ಠಾಣೆಗೆ ಹೋಗಿ ಇನ್ನೊಂದು ಹೇಳಿಕೆ ಬರೆಸಿದೆ. ಬಳೆ, ತಾಳಿ, ಕುಂಕುಮ, ಸಿಸ್ಟರ್ ಬೇಡವೆಂದದ್ದು, ನಾನು ಗದರಿದ್ದು, ಕುಡಿತದ ಮಾತು ಸುಳ್ಳೆಂಬುದು, ಎಲ್ಲಾ. ಇದರಿಂದ ನಿಮ್ಮ ಕೇಸೇ ಹಗುರಾಗುತ್ತದೆ ಎಂದು ಅಧಿಕಾರಿ ತಿಳಿಹೇಳಿದರು. ಹೊಡೆದದ್ದು ತಪ್ಪೇ, ಅದಕ್ಕೆ ಶಿಕ್ಷೆಯಾಗಲಿ, ಆದರೆ ವಿನಾಕಾರಣ ಎಂಬ ಶಬ್ದ ತೆಗೆಯಿರಿ ಎಂದೆ.

ಈ ವೃತ್ತಿ ನನಗೆ ಕಲಿಸಿದ್ದು ಬಹಳ. ಕೊನೆಯ ಪಾಠ ಮಾತ್ರ ಗಂಗವ್ವನದು. ಆ ಘಟನೆಗೆ ಮೊದಲಿನಿಂದಲೂ ಸಂಜೆ ಹೊತ್ತು ನಾನು ಧಾರವಾಡದಲ್ಲಿ ಸ್ವಂತ ಕ್ಲಿನಿಕ್ ನಡೆಸುತ್ತಿದ್ದೆ. ಅಲ್ಲಿ ಫೀಸು ಕೊಟ್ಟು ಬರುವ ಹೆಣ್ಣುಮಕ್ಕಳ ಬಳೆ ತೆಗೆಸಬೇಕಾದಾಗ ತಪ್ಪದೆ ಕೇಳುತ್ತಿದ್ದೆ, ಒಂದನ್ನು ಇಟ್ಟುಕೊಳ್ಳುತ್ತೀರಾ ಎಂದು. ಆ ಪದ್ಧತಿ ನನಗೆ ಗೊತ್ತಿರಲಿಲ್ಲ ಎಂದಲ್ಲ, ಮಾಳಮಡ್ಡಿಯವನಿಗೆ ಗೊತ್ತಿಲ್ಲದೆ ಇರುತ್ತದೆಯೇ? ರಾಯಾಪುರದ ಆಸ್ಪತ್ರೆಯಲ್ಲಿ ಮಾತ್ರ ಅದು ನೆನಪಾಗಲಿಲ್ಲ. ಪುಕ್ಕಟೆ ಕೊಡುವಲ್ಲಿ ಕೇಳುವುದೇನಿದೆ ಎಂದು ನನ್ನ ಕೈ ತಾನೇ ತೀರ್ಮಾನಿಸಿಬಿಟ್ಟಿತ್ತು.